ಆರಿದ ಬೆಂಕಿಯ ಅಂಚಿನ ಊರುಗಳು

ಇಟಲಿಯ ನೇಪಲ್ಸ್ ನಗರ ವೆಸೂವಿಯಸ್ ಪರ್ವತದ ಮಗ್ಗುಲಲ್ಲಿದೆ. ಸಿಸಿಲಿಯ ಕತಾನಿಯಾ ಎಟ್ನಾದ ಬುಡದಲ್ಲಿದೆ. ಜಪಾನಿನ ಕಾಗೋಶಿಮಾ, ಕೊಲ್ಲಿಯಾಚೆ ಹೊಗೆಯುಗುಳುವ ಸಕುರಾಜಿಮಾವನ್ನು ನೋಡುತ್ತಲೇ ದಿನ ಕಳೆಯುತ್ತದೆ. ಬೆಂಕಿ ಮತ್ತು ಬೂದಿಯ ಭಯ ತಿಳಿದೂ ಇಂಥ ಊರುಗಳಲ್ಲಿ ಜನ ತಲೆತಲಾಂತರದಿಂದ ನೆಲೆ ನಿಂತಿರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ: ಜ್ವಾಲಾಮುಖಿಯ ಮಣ್ಣು ಸಮೃದ್ಧವಾಗಿ ಬೆಳೆ ಕೊಡುತ್ತದೆ, ಅದರ ನೋಟ ದೂರದೂರದ ಪ್ರವಾಸಿಗರನ್ನು ಕರೆತರುತ್ತದೆ. ಭಾರತದಲ್ಲಿ ಇಂದಿಗೂ ಉಸಿರಾಡುತ್ತಿರುವ ಜ್ವಾಲಾಮುಖಿ ಎಂದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಒಂದೇ. ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿ.ಮೀ. ದೂರದ ಆ ದ್ವೀಪದಲ್ಲಿ ಮನುಷ್ಯರ ವಾಸವಿಲ್ಲ. ಆದರೂ ಜ್ವಾಲಾಮುಖಿಯ ನೆರೆಯಲ್ಲಿ ಬದುಕುವುದೆಂದರೇನು ಎಂಬುದನ್ನು ಅರಿಯಲು ಕನ್ನಡ ನಾಡನ್ನು ಬಿಟ್ಟು ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆ ಅಂಥದ್ದೇ ಒಂದು ನೆರೆಹೊರೆ. ನಡುವೆ ಇರುವುದು ಕಾಲದ ಅಂತರ ಮಾತ್ರ.

ಈ ನಾಲ್ಕೂ ಊರುಗಳಿಗೆ ಹೊರಗಿನವರು ಬರುವುದು ಬೇರೆ ಬೇರೆ ಕಾರಣಕ್ಕೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿ ಚೆನ್ನಮ್ಮನ ಕೋಟೆ ನೋಡಲು ಕಿತ್ತೂರಿಗೆ ಬರುತ್ತಾರೆ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಮಂದಿ ಬರುತ್ತಾರೆ, ಚಕ್ಕಡಿಯಲ್ಲಿ ಬರುವವರು ಇಂದಿಗೂ ಇದ್ದಾರೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರ, ಸುರೇಬಾನದ ಬಳಿಯ ಶಬರಿಕೊಳ್ಳ ತಮ್ಮದೇ ಭಕ್ತರನ್ನು ಸೆಳೆಯುತ್ತವೆ. ಬಂದವರು ಕೋಟೆ ನೋಡುತ್ತಾರೆ, ಗುಡಿ ನೋಡುತ್ತಾರೆ, ದಾರಿಯುದ್ದಕ್ಕೂ ಹಬ್ಬಿದ ಕಪ್ಪು ಹೊಲಗಳನ್ನು ದಾಟಿಕೊಂಡು ಮರಳುತ್ತಾರೆ. ಆ ಹೊಲಗಳ ಕಥೆ ಮಾತ್ರ ಕೋಟೆಗಿಂತಲೂ ಗುಡಿಗಿಂತಲೂ ಬಹಳ ಹಿಂದೆ, ಮನುಷ್ಯನೇ ಇಲ್ಲದ ಕಾಲದಲ್ಲಿ ಆರಂಭವಾಗುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಖಂಡ ಈಗಿರುವ ಜಾಗದಲ್ಲಿರಲಿಲ್ಲ. ಆಫ್ರಿಕಾದ ಮಗ್ಗುಲಿನಿಂದ ಬೇರ್ಪಟ್ಟು ಹಿಂದೂ ಮಹಾಸಾಗರದಲ್ಲಿ ಉತ್ತರಕ್ಕೆ ಸಾಗುತ್ತಿದ್ದ ಅದರ ಬಹುಭಾಗ ಭೂಮಧ್ಯರೇಖೆಯಿಂದ ದಕ್ಷಿಣಕ್ಕಿತ್ತು. ಆಗ ಅದರ ಪಶ್ಚಿಮ ಭಾಗದ ನೆಲ ಉದ್ದುದ್ದನೆಯ ಬಿರುಕು ಬಿಟ್ಟಿತು, ಬಿರುಕುಗಳಿಂದ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖದ ಲಾವಾ ಉಕ್ಕಿ ಹರಿಯಿತು. ಶಂಕುವಿನಾಕಾರದ ಪರ್ವತ ಸಿಡಿದು ಬೂದಿ ಚಿಮ್ಮಿಸುವ ಸ್ಫೋಟ ಇದಾಗಿರಲಿಲ್ಲ. ತೆಳುವಾದ ಬಸಾಲ್ಟ್ ಲಾವಾ ತಗ್ಗುಗಳನ್ನು ತುಂಬಿ, ಕಣಿವೆಗಳನ್ನು ಮುಚ್ಚಿ, ದಿಗಂತದವರೆಗೆ ಹರಡಿ ತಣಿಯಿತು. ಒಂದು ಹರಿವು ತಣಿದು ಗಟ್ಟಿಯಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಪದರದ ಮೇಲೆ ಪದರ ಬಿದ್ದು ಮಹಾಬಳೇಶ್ವರದ ಕಡೆ ಸಹ್ಯಾದ್ರಿಯ ಎತ್ತರವೆಲ್ಲ ಲಾವಾದಿಂದಲೇ ಕಟ್ಟಿಕೊಂಡಿತು. ಭೂವಿಜ್ಞಾನಿಗಳು ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಈ ಲಾವಾ ಪ್ರಸ್ಥಭೂಮಿ ಸವೆದು ಉಳಿದಿರುವಷ್ಟೇ ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ವ್ಯಾಪಿಸಿದೆ; ಮೂಲದಲ್ಲಿ ಅದು ಇದರ ಹಲವು ಪಟ್ಟಿತ್ತು ಎಂಬುದು ಅವರ ಅಂದಾಜು. ಗೋದಾವರಿಯ ದಡದ ರಾಜಮಂಡ್ರಿಯ ಬಳಿ ಕಾಣುವ ಬಸಾಲ್ಟ್ ಕೂಡ ಇದೇ ಕುಟುಂಬದ್ದು ಎಂಬುದನ್ನು ನೆನೆದರೆ ಆ ಹರಿವಿನ ಅಗಾಧತೆ ಮನಸ್ಸಿಗೆ ಬರುತ್ತದೆ.

ಈ ಉಕ್ಕುವಿಕೆ ಒಂದೆರಡು ವರ್ಷದ ಮಾತಲ್ಲ. ಲಾವಾದ ಬಹುಪಾಲು ಹತ್ತು ಲಕ್ಷ ವರ್ಷಗಳೊಳಗೆ ಹೊರಬಂದಿತೆಂದು ಕಾಲನಿರ್ಣಯದ ಅಧ್ಯಯನಗಳು ಹೇಳುತ್ತವೆ. ಭೂಮಿಯ ಆಯುಷ್ಯಕ್ಕೆ ಅದು ಚಿಕ್ಕ ಅವಧಿಯಾದರೂ, ಎರಡು ಹರಿವುಗಳ ನಡುವೆ ಸಾವಿರಾರು ವರ್ಷ ಬಿಡುವು ಸಿಗಲು ಸಾಕಷ್ಟು ದೀರ್ಘವಾದದ್ದೇ. ಕಲ್ಲಿನ ಪದರಗಳ ನಡುವೆ ಅಲ್ಲಲ್ಲಿ ಕಾಣುವ ಕೆಂಪು ಮಣ್ಣಿನ ಪಟ್ಟಿಗಳು ಆ ಬಿಡುವಿನ ಗುರುತುಗಳು. ತಣಿದ ಲಾವಾದ ಮೇಲೆ ಮಳೆ ಸುರಿದು, ಕಲ್ಲು ಶಿಥಿಲವಾಗಿ ಮಣ್ಣಾಗಿ, ಕೆರೆ ನಿಂತು, ಆ ಕೆರೆಗಳಲ್ಲಿ ಸಿಹಿನೀರಿನ ಬಸವನಹುಳುಗಳು ಬದುಕಿದ್ದವು. ಅವುಗಳ ಪಳೆಯುಳಿಕೆ ಲಾವಾದ ನಡುವಣ ಪದರಗಳಲ್ಲಿ ಸಿಗುತ್ತವೆ. ಮತ್ತೆ ಲಾವಾ ಬಂದು ಆ ಬದುಕನ್ನು ಮುಚ್ಚಿತು. ಮೆಕ್ಸಿಕೋದ ತೀರಕ್ಕೆ ದೈತ್ಯ ಆಕಾಶಕಾಯವೊಂದು ಅಪ್ಪಳಿಸಿದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಡೈನೋಸಾರ್‌ಗಳ ಅಳಿವಿನಲ್ಲಿ ಆ ಹೊಡೆತದ ಪಾಲೆಷ್ಟು, ದಖ್ಖನ್ ಲಾವಾದೊಂದಿಗೆ ಹೊರಬಂದ ಗಂಧಕ ಮತ್ತು ಇಂಗಾಲದ ಅನಿಲಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ.

ಉತ್ತರದಲ್ಲಿ ದಪ್ಪವಾಗಿರುವ ಈ ಲಾವಾ ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತ ಹೋಗಿ, ಅದರ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿ ಹಾದುಹೋಗುತ್ತದೆ. ಅಥಣಿ, ಚಿಕ್ಕೋಡಿಯ ಕಡೆ ನೆಲವೆಲ್ಲ ಬಸಾಲ್ಟ್. ಬೈಲಹೊಂಗಲದ ಸೀಮೆಗೆ ಬರುವಷ್ಟರಲ್ಲಿ ಅದು ಹರಿದು ಹಂಚಿಹೋಗಿ ಕೆಳಗಿನ ಹಳೆಯ ಶಿಲೆಗಳು ಮುಖ ತೋರಿಸುತ್ತವೆ. ಅಂಚಿನಲ್ಲಿರುವುದರಿಂದಲೇ ಈ ಪ್ರದೇಶ ಭೂವಿಜ್ಞಾನಕ್ಕೆ ಮುಖ್ಯವಾದದ್ದು. ಲಾವಾ ಪೂರ್ತಿ ಮುಚ್ಚಿದ ಕಡೆ ಕಾಣದ ಪುಟಗಳೆಲ್ಲ ಇಲ್ಲಿ ತೆರೆದು ಬಿದ್ದಿವೆ.

ಸವದತ್ತಿಯಿಂದ ರಾಮದುರ್ಗದತ್ತ ಚಾಚಿದ ಗುಡ್ಡಸಾಲು ಅಂಥ ಪುಟಗಳಲ್ಲೊಂದು. ಅದು ಲಾವಾ ಅಲ್ಲ. ನೂರು ಕೋಟಿ ವರ್ಷಕ್ಕೂ ಹಿಂದಿನ ಆಳವಿಲ್ಲದ ಕಡಲೊಂದರ ದಡದಲ್ಲಿ ಸಂಚಯಗೊಂಡು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಮರಳು. ಇಂಥ ಶಿಲೆಯ ಮೇಲ್ಮೈಯಲ್ಲಿ ಆ ಕಡಲಿನ ಕಿರುದೆರೆಗಳು ಮರಳಿನಲ್ಲಿ ಬರೆದ ಸುಕ್ಕುಗಳು ಇಂದಿಗೂ ಬೆರಳಿಗೆ ತಾಗುತ್ತವೆ. 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಬೃಹತ್ ವರದಿ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಶಿಲಾಸಮೂಹವನ್ನು ಕಲಾದಗಿಯ ಹೆಸರಿನಿಂದ ಗುರುತಿಸಿದ. ಮುಂದಿನ ಭೂವಿಜ್ಞಾನಿಗಳು ಅದರೊಳಗಿನ ಒಂದೊಂದು ಘಟಕಕ್ಕೂ ಊರಿನ ಹೆಸರಿಟ್ಟರು: ರಾಮದುರ್ಗ ಶಿಲಾಸ್ತರ, ಸವದತ್ತಿ ಕ್ವಾರ್ಟ್ಜೈಟ್, ಯರಗಟ್ಟಿ ಶಿಲಾಸ್ತರ. ಜಗತ್ತಿನ ಯಾವ ಮೂಲೆಯಲ್ಲಿ ಈ ಶಿಲೆಗಳ ಮಾತು ಬಂದರೂ ಈ ಊರುಗಳ ಹೆಸರು ಹೇಳಲೇಬೇಕು. ದಖ್ಖನ್ ಲಾವಾ ಹರಿದು ಬಂದ ಹೊತ್ತಿಗೆ ಈ ಗುಡ್ಡಗಳು ಆಗಲೇ ಮುದಿಯಾಗಿದ್ದವು. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಇದೇ ಸಾಲನ್ನು ಕೊರೆದು ದಾರಿ ಮಾಡಿಕೊಂಡ ಇಕ್ಕಟ್ಟೇ ನವಿಲುತೀರ್ಥ. ಗಟ್ಟಿ ಕಲ್ಲಿನ ಎರಡು ದಡ, ನಡುವೆ ಕಿರಿದಾದ ಕಂದಕ: ಅಣೆಕಟ್ಟಿಗೆ ಇದಕ್ಕಿಂತ ಒಪ್ಪುವ ಜಾಗ ಬೇಕಿರಲಿಲ್ಲ. 1970ರ ದಶಕದ ಆರಂಭದಲ್ಲಿ ಮುಗಿದ ಆ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ನಿಂತಿದೆ.

ಕಿತ್ತೂರಿನ ಕಡೆಗೆ ಸರಿದರೆ ಇನ್ನೂ ಹಳೆಯ ಪುಟ ತೆರೆದುಕೊಳ್ಳುತ್ತದೆ. ಅಲ್ಲಿಯದು ಧಾರವಾಡ ಶಿಲಾಸಮೂಹ, ವಯಸ್ಸು ಸುಮಾರು 250 ಕೋಟಿ ವರ್ಷಕ್ಕೂ ಹೆಚ್ಚು. ಈ ಸಮೂಹದ ಶಿಲೆಗಳಲ್ಲಿ ಹಲವು ಮೂಲದಲ್ಲಿ ಲಾವಾ ಆಗಿದ್ದಂಥವು. ಇದೇ ಕುಲಕ್ಕೆ ಸೇರಿದ, ನೀರಿನಡಿಯಲ್ಲಿ ಉಕ್ಕಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾವನ್ನು ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಅಂದರೆ ಈ ನಾಡು ಬೆಂಕಿಯನ್ನು ಕಂಡಿರುವುದು ಒಮ್ಮೆ ಮಾತ್ರವಲ್ಲ. 250 ಕೋಟಿ ವರ್ಷದ ಹಿಂದಿನ ಬೆಂಕಿ, ನಡುವೆ ಒಂದು ಕಡಲು, ಕೊನೆಗೆ 6.6 ಕೋಟಿ ವರ್ಷದ ಹಿಂದಿನ ಬೆಂಕಿ. ಕಿತ್ತೂರಿನಿಂದ ರಾಮದುರ್ಗದವರೆಗಿನ ಒಂದು ದಿನದ ಪ್ರಯಾಣದಲ್ಲಿ ಈ ಮೂರರ ಮೇಲೂ ಹಾದುಹೋಗಬಹುದು.

ದಖ್ಖನ್ ಲಾವಾ ಉಕ್ಕಿಸಿದ ಆ ಶಾಖ ಈಗ ಎಲ್ಲಿದೆ ಎಂಬ ಪ್ರಶ್ನೆಗೆ ವಿಜ್ಞಾನದ ಬಳಿ ಬಹುಮಟ್ಟಿಗೆ ಒಪ್ಪಿತವಾದ ಉತ್ತರವಿದೆ. ಭೂಮಿಯ ತೊಗಟೆಯ ಕೆಳಗಿನ ಮ್ಯಾಂಟಲ್ ಎಂಬ ದಪ್ಪ ಪದರದ ಆಳದಿಂದ ಕೆಲವೆಡೆ ಬಿಸಿ ಶಿಲಾದ್ರವ್ಯ ಕಂಬದಂತೆ ಮೇಲೇರುತ್ತದೆ. ಅದು ತೊಗಟೆಯನ್ನು ಮುಟ್ಟುವ ಜಾಗವನ್ನು ತಪ್ತಬಿಂದು ಎನ್ನುತ್ತಾರೆ. ತಪ್ತಬಿಂದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಮೇಲಿನ ಭೂಫಲಕ ಸರಿಯುತ್ತಿರುತ್ತದೆ. ಉರಿಯುವ ಒಲೆಯ ಮೇಲೆ ದೊಡ್ಡ ರೊಟ್ಟಿಯನ್ನು ನಿಧಾನವಾಗಿ ಎಳೆದರೆ ಸುಟ್ಟ ಕಲೆಗಳು ಸಾಲಾಗಿ ಬೀಳುವಂತೆ ಜ್ವಾಲಾಮುಖಿಗಳ ಸಾಲೊಂದು ಮೂಡುತ್ತದೆ. ಭಾರತ ಉತ್ತರಕ್ಕೆ ಸರಿದಂತೆ ಆ ಸಾಲು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ತಳದಲ್ಲಿ ದಕ್ಷಿಣಕ್ಕೆ ಬೆಳೆಯುತ್ತ ಹೋಯಿತು. ಆ ಹವಳದ ದ್ವೀಪಗಳ ಕೆಳಗೆ ಇರುವುದು ಮುಳುಗಿದ ಜ್ವಾಲಾಮುಖಿಗಳೇ. ಮುಂದೆ ಸಾಗರದ ನಡುವಿನ ಏಣು ಈ ಬಿಂದುವನ್ನು ದಾಟಿದ್ದರಿಂದ ಲಾವಾ ಆಫ್ರಿಕಾದ ಫಲಕದ ಮೇಲೆ ಉಕ್ಕತೊಡಗಿತು. ಮಾರಿಷಸ್ ಹುಟ್ಟಿತು, ಕೊನೆಗೆ ರಿಯೂನಿಯನ್ ದ್ವೀಪ ಹುಟ್ಟಿತು. ದಖ್ಖನ್ ನೆಲವನ್ನು ಕಟ್ಟಿದ ಬೆಂಕಿ ಇಂದು ಬೆಳಗಾವಿಯಿಂದ ಸುಮಾರು ನಾಲ್ಕೂವರೆ ಸಾವಿರ ಕಿ.ಮೀ. ದೂರದ ಆ ದ್ವೀಪದಲ್ಲಿ ಉರಿಯುತ್ತಿದೆ.

ರಿಯೂನಿಯನ್ ಫ್ರಾನ್ಸಿನ ಆಡಳಿತಕ್ಕೆ ಸೇರಿದ ಪುಟ್ಟ ದ್ವೀಪ. 19ನೇ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ದಕ್ಷಿಣ ಭಾರತೀಯರ ವಂಶಸ್ಥರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸುಮಾರು 2,630 ಮೀಟರ್ ಎತ್ತರದ ಪೀಟೋನ್ ದ ಲಾ ಫೂರ್ನೇಸ್ ಎಂಬ ಅಲ್ಲಿಯ ಜ್ವಾಲಾಮುಖಿ ಲೋಕದಲ್ಲೇ ಅತಿ ಚುರುಕಾದವುಗಳಲ್ಲಿ ಒಂದು. 17ನೇ ಶತಮಾನದಿಂದ ಈಚೆಗೆ ಅದು 150ಕ್ಕೂ ಹೆಚ್ಚು ಬಾರಿ ಉಕ್ಕಿದೆ. ಬಹುಪಾಲು ಸಲ ಲಾವಾ ಜನವಸತಿಯಿಲ್ಲದ ದೊಡ್ಡ ಕುಳಿಯೊಳಗೇ ಉಳಿದು, ಇಲ್ಲವೆ ಅಲ್ಲಿಂದ ಕಡಲಿನತ್ತ ಇಳಿದು ಹೋಗುತ್ತದೆ. ಆದರೆ 1977ರ ಏಪ್ರಿಲ್‌ನಲ್ಲಿ ಅದು ಕುಳಿಯ ಹೊರಗೆ ಉಕ್ಕಿ ಪೀಟೋನ್ ಸೇಂಟ್ ರೋಜ್ ಎಂಬ ಊರಿಗೆ ನುಗ್ಗಿತು, ಮನೆಗಳನ್ನು ಸುಟ್ಟಿತು, ಚರ್ಚಿನ ಬಾಗಿಲವರೆಗೆ ಬಂದು ಸುತ್ತುವರಿದು ಅಲ್ಲೇ ಹೆಪ್ಪುಗಟ್ಟಿತು. ಕಪ್ಪು ಕಲ್ಲಿನ ನಡುವೆ ನಿಂತ ಆ ಚರ್ಚು ಇಂದು ಪ್ರವಾಸಿಗರು ತಪ್ಪದೆ ನೋಡುವ ಜಾಗ.

ಆ ಘಟನೆಯ ಬೆನ್ನಿಗೇ, 1979ರಲ್ಲಿ, ಅಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಸ್ಥಾಪನೆಯಾಯಿತು. ಲಾವಾ ಮೇಲೇರುವ ಮುನ್ನ ಬೆಟ್ಟದೊಳಗೆ ಸಣ್ಣ ಸಣ್ಣ ಕಂಪನಗಳು ಸಾಲುಸಾಲಾಗಿ ಏಳುತ್ತವೆ, ಇಳಿಜಾರು ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಹೊರಬರುವ ಅನಿಲಗಳ ಪ್ರಮಾಣ ಬದಲಾಗುತ್ತದೆ. ಇದನ್ನೆಲ್ಲ ಉಪಕರಣಗಳು ಹಗಲಿರುಳು ದಾಖಲಿಸುತ್ತವೆ. ಸೂಚನೆ ಸಿಕ್ಕೊಡನೆ ಕುಳಿಗೆ ಇಳಿಯುವ ದಾರಿ ಮುಚ್ಚುತ್ತಾರೆ, ಜನ ದೂರದ ಅಂಚಿನಲ್ಲಿ ನಿಂತು ಬೆಂಕಿಯ ಕಾರಂಜಿ ನೋಡುತ್ತಾರೆ. ಇಷ್ಟು ಪದೇ ಪದೇ ಉಕ್ಕುವ ಬೆಟ್ಟದ ಪಕ್ಕ ಸಾವುನೋವು ತೀರ ವಿರಳವಾಗಿರುವುದಕ್ಕೆ ಲಾವಾದ ಸೌಮ್ಯ ಸ್ವಭಾವ ಒಂದು ಕಾರಣವಾದರೆ, ಎಡೆಬಿಡದ ಈ ನಿಗಾ ಇನ್ನೊಂದು. ಬೆಳಗಾವಿಯ ಸೀಮೆಗೆ ಅಂಥ ಅಪಾಯ ಉಳಿದಿಲ್ಲ. ಭೂಫಲಕ ಬೆಂಕಿಯನ್ನು ಬಿಟ್ಟು ಬಹುದೂರ ಬಂದಾಗಿದೆ. ಇಲ್ಲಿಗೆ ಉಳಿದದ್ದು ಆ ಬೆಂಕಿಯ ಫಲ ಮಾತ್ರ.

ಆ ಫಲವೇ ಎರಿ ಮಣ್ಣು. ಬಸಾಲ್ಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಹೇರಳ, ಮರಳಿನ ಹರಳು ತೀರ ಕಡಿಮೆ. ಆದ್ದರಿಂದ ಅದು ಶಿಥಿಲವಾದರೆ ಉಳಿಯುವುದು ಹೆಚ್ಚಾಗಿ ಜೇಡಿ. ಆ ಜೇಡಿ ಯಾವ ಬಣ್ಣ ತಾಳುತ್ತದೆ ಎಂಬುದನ್ನು ಮಳೆ ನಿರ್ಧರಿಸುತ್ತದೆ. ಘಟ್ಟದ ಮೇಲಿನ ಜಡಿಮಳೆ ಕಲ್ಲಿನ ಲವಣಗಳನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂಗಳನ್ನಷ್ಟೇ ಉಳಿಸುವುದರಿಂದ ಖಾನಾಪುರದ ಕಾಡಂಚಿನಲ್ಲಿ ಕೆಂಪು ಜಂಬಿಟ್ಟಿಗೆ ಕಾಣುತ್ತದೆ. ಪೂರ್ವಕ್ಕೆ ಬಂದಂತೆ ಮಳೆ ಇಳಿದು, ರಾಮದುರ್ಗದ ಸುತ್ತ ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸಿಗೆ ನಿಲ್ಲುತ್ತದೆ. ಅಷ್ಟು ಮಳೆಗೆ ಲವಣಗಳು ಕೊಚ್ಚಿಹೋಗುವುದಿಲ್ಲ; ಅವು ಅಲ್ಲೇ ಉಳಿಯುವುದರಿಂದ ನೀರು ಹೀರಿ ಉಬ್ಬುವ ವಿಶೇಷ ಜೇಡಿ ರೂಪುಗೊಳ್ಳುತ್ತದೆ. ಧಾರವಾಡ ಶಿಲಾಸಮೂಹದ ಹಳೆಯ ಲಾವಾ ಶಿಲೆಯಿಂದಲೂ ಇಂಥದ್ದೇ ಕಪ್ಪು ಮಣ್ಣು ಹುಟ್ಟುತ್ತದೆ. ಗುಡ್ಡದ ಮರಳುಗಲ್ಲಿನ ಬುಡದಲ್ಲಿ ಮಾತ್ರ ಹಗುರವಾದ ಮಸಾರಿ ಹೊಲ. ಹೀಗೆ ಒಂದೇ ಊರಿನ ಎರಿ ಮತ್ತು ಮಸಾರಿಯ ಗಡಿ ಎಷ್ಟೋ ಕಡೆ ಎರಡು ಭೂಯುಗಗಳ ಗಡಿಯೂ ಆಗಿರುತ್ತದೆ.

ಎರಿಯ ಒಂದು ಹೆಂಟೆಯಲ್ಲಿ ಈ ಕಥೆಯ ಸಾರವೆಲ್ಲ ಅಡಗಿದೆ. ಬೇಸಿಗೆಯಲ್ಲಿ ಅದು ಕಲ್ಲಿನಷ್ಟು ಗಟ್ಟಿ. ಒಡೆದರೆ ಒಳಮುಖ ಎಣ್ಣೆ ಸವರಿದಂತೆ ನುಣುಪಾಗಿ ಹೊಳೆಯುತ್ತದೆ. ಮಣ್ಣು ಉಬ್ಬುವಾಗ ಒಂದು ಗಡ್ಡೆ ಇನ್ನೊಂದರ ಮೇಲೆ ಒತ್ತಿ ಜಾರಿದ ಗುರುತು ಅದು. ನಡುನಡುವೆ ಬಿಳಿಯ ಸುಣ್ಣದ ಹರಳು ಸಿಗುತ್ತವೆ, ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ ಕೊಚ್ಚಿಹೋಗದೆ ಉಳಿದ ಸಾಕ್ಷಿಯಾಗಿ. ಬಣ್ಣ ಕಪ್ಪಾದರೂ ಸಾವಯವ ಅಂಶ ಸಾಮಾನ್ಯವಾಗಿ ಶೇ. 1ಕ್ಕೂ ಕಡಿಮೆ, ಜೇಡಿಯೊಂದಿಗೆ ಬಿಗಿಯಾಗಿ ಬೆಸೆದುಕೊಂಡ ಅಷ್ಟೇ ಸಾವಯವ ಅಂಶವೂ ಬಸಾಲ್ಟಿನಿಂದ ಬಂದ ಕಬ್ಬಿಣ, ಟೈಟಾನಿಯಂ ಖನಿಜಗಳೂ ಸೇರಿ ಈ ಕಪ್ಪು ಬಂದಿದೆ. ಇದೇ ಹೆಂಟೆಯ ಮೇಲೆ ನೀರು ಬಿದ್ದರೆ ಕೆಲವೇ ಹೊತ್ತಿನಲ್ಲಿ ಅದು ಕರಗಿ, ಕಾಲಿಗೆ ಮೆತ್ತಿ ಬಿಡದ ಅಂಟಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಎರಿ ಹೊಲ ಕೈ ತೂರುವಷ್ಟು ಅಗಲ, ಮೀಟರಿಗೂ ಮಿಕ್ಕಿ ಆಳ ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕುಗಳಿಗೆ ಉದುರುತ್ತದೆ, ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲಕ್ಕೆ ತಳ್ಳುತ್ತದೆ. ಯಾರ ನೇಗಿಲೂ ತಾಗದೆ ಈ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತಿರುತ್ತದೆ. ಮುಂಗಾರಿನ ಮೊದಲ ನೀರು ಬಿರುಕುಗಳ ಮೂಲಕ ನೇರ ಆಳಕ್ಕಿಳಿದು, ಮೇಲ್ಭಾಗ ಉಬ್ಬಿ ಮುಚ್ಚಿಕೊಂಡ ಮೇಲೆ ಅಲ್ಲೇ ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಮುಂದೆ ಮಳೆಯ ಹನಿ ಕಾಣದಿದ್ದರೂ ಈ ಕೂಡಿಟ್ಟ ತೇವವನ್ನೇ ಉಂಡು ತೆನೆ ಕಟ್ಟುತ್ತವೆ. ಹಿಂಗಾರಿ ಬೇಸಾಯವೆಂಬ ಇಡೀ ಪದ್ಧತಿ ನಿಂತಿರುವುದು ಲಾವಾದಿಂದ ಹುಟ್ಟಿದ ಜೇಡಿಯ ಈ ಒಂದು ಗುಣದ ಮೇಲೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ಕಣ್ಣು ಹಾಕಿದ ನೆಲಗಳಲ್ಲಿ ಧಾರವಾಡ, ಬೆಳಗಾವಿಯ ಎರಿಯೂ ಒಂದು.

ವಿಜ್ಞಾನ ಈ ಗುಣವನ್ನು ವಿವರಿಸುವುದಕ್ಕೆ ಎಷ್ಟೋ ಮೊದಲೇ ಇಲ್ಲಿಯ ರೈತರು ಅದಕ್ಕೆ ತಕ್ಕ ಬೇಸಾಯ ರೂಪಿಸಿಕೊಂಡಿದ್ದರು. ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಲ್ಲ; ಬಾಯಿಬಿಡುತ್ತಿರುವ ಬಿರುಕು ಪುಡಿಮಣ್ಣಿನಿಂದ ಮುಚ್ಚಿ ಕೆಳಗಿನ ತೇವ ಆರದಂತೆ ತಡೆಯಲೂ ಹೌದು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು ಹಳೆಯ ರೂಢಿ. 1930ರ ದಶಕದಲ್ಲಿ ಆರಂಭವಾದ ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಇಂಥ ರೂಢಿಗಳನ್ನು ಅಳೆದು ತೂಗಿ ನೋಡಿತು. ಮುಂಗಾರಿನಲ್ಲಿ ಹೊಲವನ್ನು ಚೌಕುಮಡಿಗಳಾಗಿ ವಿಂಗಡಿಸಿ ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುವ ಕ್ರಮ ಇಂದು ಉತ್ತರ ಕರ್ನಾಟಕದ ಎರಿಗೆ ಶಿಫಾರಸು ಮಾಡುವ ಮುಖ್ಯ ಉಪಾಯ. ಮನೆ ಕಟ್ಟುವವರೂ ಈ ಮಣ್ಣಿನ ಸ್ವಭಾವ ಬಲ್ಲರು: ಗರಸು ಸಿಗುವವರೆಗೆ ಅಡಿಪಾಯ ಅಗೆಯದಿದ್ದರೆ ಉಬ್ಬಿ ಇಳಿಯುವ ಎರಿ ಗೋಡೆಯನ್ನು ಸೀಳುತ್ತದೆ.

ನೀರನ್ನು ಹಿಡಿದಿಡುವ ಈ ಗುಣವೇ ನೀರು ಮಿತಿಮೀರಿದಾಗ ಮುಳುವಾಗುತ್ತದೆ. ಮಲಪ್ರಭಾ ಮತ್ತು ಘಟಪ್ರಭಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಸಾವಿರಾರು ಎಕರೆ ಎರಿ ಸವಳು-ಜವಳಿಗೆ ತುತ್ತಾಗಿದೆ. ಹರಿಸಿದ ನೀರು ಜೇಡಿಯ ಮೂಲಕ ಬಸಿದುಹೋಗದೆ ನಿಂತು, ಆಳದ ಲವಣಗಳನ್ನು ಕರಗಿಸಿಕೊಂಡು ಮೇಲೇರಿ, ಆವಿಯಾದಾಗ ಅವುಗಳನ್ನು ನೆಲದ ಮೇಲೆ ಬಿಳಿಯ ಪದರವಾಗಿ ಬಿಟ್ಟುಹೋಗುತ್ತದೆ. ಮಳೆ ಕಡಿಮೆಯಾದ್ದರಿಂದ ಉಳಿದುಕೊಂಡ ಲವಣವೇ ಇಲ್ಲಿ ಫಲವತ್ತತೆಗೂ ಕಾರಣ, ಬಂಜರಿಗೂ ಕಾರಣ. ಇನ್ನೊಂದೆಡೆ, ಮುಂಗಾರಿನಲ್ಲಿ ಬೆಳೆಯಿಲ್ಲದೆ ಬರಿದಾಗಿ ಬಿಟ್ಟ ಇಳಿಜಾರಿನ ಎರಿ ಬಿರುಮಳೆಗೆ ಕೊಚ್ಚಿ ಹಳ್ಳ ಸೇರುತ್ತದೆ, ಹಳ್ಳದಿಂದ ಹೊಳೆಗೆ ಹೋಗಿ ಜಲಾಶಯದ ಹೂಳಾಗುತ್ತದೆ. ಒಂದು ಅಂಗುಲ ಮಣ್ಣು ಕಲ್ಲಿನಿಂದ ಹುಟ್ಟಲು ನೂರಾರು ವರ್ಷ ಬೇಕು. ಒಡ್ಡು ಒಡೆದ ಹೊಲದಿಂದ ಅದು ಹೋಗಲು ಕೆಲವು ಮಳೆಗಾಲ ಸಾಕು.

ಉರಿಯುವ ಬೆಟ್ಟದ ಕೆಳಗಿನ ಊರು ಭಯದಿಂದಾಗಿ ಎಚ್ಚರವಾಗಿರುತ್ತದೆ. ನೆಲದ ಪ್ರತಿಯೊಂದು ಮಿಸುಕಾಟವನ್ನೂ ಅಲ್ಲಿ ಬರೆದಿಡುತ್ತಾರೆ. ಆರಿದ ಬೆಂಕಿಯ ಮೇಲಿನ ಊರಿಗೆ ಆ ಭಯವಿಲ್ಲ, ಆದರೆ ಕಳೆದುಕೊಳ್ಳುವುದಕ್ಕೆ ಅಷ್ಟೇ ಇದೆ. ಇಲ್ಲಿ ಬೇಕಾದ ನಿಗಾ ದುಬಾರಿ ಉಪಕರಣಗಳದ್ದಲ್ಲ. ಮಣ್ಣುಪರೀಕ್ಷೆ ಕಾಲಕಾಲಕ್ಕೆ ಆಗಬೇಕು, ಕಾಲುವೆ ಇದ್ದಲ್ಲಿ ಬಸಿಗಾಲುವೆಯೂ ಇರಬೇಕು, ಒಡ್ಡುಗಳ ದುರಸ್ತಿ ಪ್ರತಿ ಬೇಸಿಗೆಯ ಕೆಲಸವಾಗಬೇಕು, ಬರಿಯ ಇಳಿಜಾರಿಗೆ ಹೆಸರೋ ಅಲಸಂದೆಯೋ ಹೊದಿಕೆಯಾಗಬೇಕು. ಕಿತ್ತೂರಿಗೂ ಸವದತ್ತಿಗೂ ಬರುವ ಲಕ್ಷಾಂತರ ಜನರಿಗೆ ಈ ನೆಲದ ಕಥೆ ಹೇಳುವ ಒಂದು ಫಲಕವನ್ನಾದರೂ ಕೋಟೆಯ ಬಳಿ, ನವಿಲುತೀರ್ಥದ ಬಳಿ ನಿಲ್ಲಿಸುವುದು ಶಾಲೆಗಳಿಂದಲೂ ಪಂಚಾಯಿತಿಗಳಿಂದಲೂ ಆಗುವ ಕೆಲಸ. 6.6 ಕೋಟಿ ವರ್ಷದ ಹಿಂದಿನ ಲಾವಾ ಇನ್ನೊಮ್ಮೆ ಈ ನೆಲಕ್ಕೆ ಬರುವುದಿಲ್ಲ. ಅದು ಬಿಟ್ಟುಹೋದ ಮಣ್ಣನ್ನು ಉಳಿಸಿಕೊಳ್ಳುವುದು ಈ ಊರುಗಳ ಕೈಯಲ್ಲೇ ಇದೆ.